ಹೆಸರು ಕೂಗದ ಹುಡುಗಿ

ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಚನ್ನಮ್ಮನ ಕಾಲು ಸುಡುವವರೆಗೆ, ತಸ್ಲೀಮ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ ಎಂಬುದು ಗೆಳತಿಯರ ನಡುವೆ ನಗೆಯ ವಿಷಯವಾಗಿತ್ತು.

ಚನ್ನಮ್ಮ, ತಸ್ಲೀಮ, ಫಕೀರವ್ವ ಮೂವರೂ ಡೋಣಿ ಊರಿನವರು, ಹದಿನಾರರ ಆಸುಪಾಸಿನವರು. ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಷ್ಟೇ ಕಳೆದಿದ್ದ ಕಾಲ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮುಂಡರಗಿಯ ಕಾಲೇಜಿಗೆ ಹೋಗಿ ಸಂಜೆ ಒಟ್ಟಿಗೇ ಮರಳುತ್ತಿದ್ದರು. ಚನ್ನಮ್ಮನದು ಒಕ್ಕಲುತನದ ಮನೆ. ಫಕೀರವ್ವ ಅದೇ ಓಣಿಯವಳು. ಶಿರಹಟ್ಟಿಯ ಫಕೀರಸ್ವಾಮಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಆ ಹೆಸರಿಟ್ಟಿದ್ದರು. ತಸ್ಲೀಮಳ ಅಪ್ಪ ನಬಿಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಆ ಮನೆಯವರು ಶಿಗ್ಲಿಯಿಂದ ಬಂದು ಡೋಣಿಯಲ್ಲಿ ನೆಲೆಸಿದ್ದರು. ಇದ್ದ ಊರು ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ನಬಿಸಾಬ ಹತ್ತಿಯ ಧಾರಣೆಯ ಮಾತು ತೆಗೆಯುತ್ತಿದ್ದ.

ತಸ್ಲೀಮ ಮಾತಿನಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಅವಳ ಬಾಯಲ್ಲಿ ಚನ್ನಮ್ಮ "ಉದ್ದ ಜಡಿಯಾಕಿ", ದೊಡ್ಡ ಕಣ್ಣಿನ ಫಕೀರವ್ವ "ಡಬಗಣ್ಣಿ". ತರಗತಿಯಲ್ಲಿ ಯಾರನ್ನಾದರೂ ಕರೆಯಬೇಕಾದರೆ ಕೋಣೆಯ ಆ ತುದಿಯಿಂದ ಈ ತುದಿಯವರೆಗೆ ನಡೆದು ಬಂದು ಭುಜ ಮುಟ್ಟುತ್ತಿದ್ದಳು. "ನಮ್ಮ ಹೆಸರ ಹಿಡದ್ರ ನಿನ್ನ ಬಾಯಿ ಸವೀತೈತೇನು?" ಎಂದು ಫಕೀರವ್ವ ಕಾಡಿಸಿದರೆ ತಸ್ಲೀಮ ನಕ್ಕು ಸುಮ್ಮನಾಗುತ್ತಿದ್ದಳು.

ಆ ಸಂಜೆ ಬಸ್‌ಸ್ಟ್ಯಾಂಡ್ ಕಿಕ್ಕಿರಿದಿತ್ತು. ಸಂತೆಯ ದಿನ. ಗದಗಿನ ಬಸ್ಸು ಒಳಗೆ ಹೊರಳುತ್ತಿದ್ದಂತೆ ಚನ್ನಮ್ಮ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿಯಲು ಓಡಿದಳು. ಹಿಂದಕ್ಕೆ ಬರುತ್ತಿದ್ದ ಇನ್ನೊಂದು ಬಸ್ಸನ್ನು ಅವಳು ನೋಡಲಿಲ್ಲ. ಎರಡು ಬಸ್ಸುಗಳ ನಡುವೆ ಒಂದಾಳು ನಿಲ್ಲುವಷ್ಟು ಜಾಗ ಉಳಿದಿತ್ತು, ಅದೂ ಕಿರಿದಾಗುತ್ತಿತ್ತು. ತಸ್ಲೀಮ, ಫಕೀರವ್ವ ಇಬ್ಬರೂ ದೂರದಲ್ಲಿ ಮಿರ್ಚಿ ಕರಿಯುವ ಗಾಡಿಯ ಆಚೆ ನಿಂತಿದ್ದರು.

ತಸ್ಲೀಮ ಏನು ಕೂಗಿದಳೆಂದು ಚನ್ನಮ್ಮನಿಗೆ ಕೇಳಲೇ ಇಲ್ಲ. ಹಾರ್ನು, ಸೀಟಿ, ಜನರ ಗದ್ದಲದಲ್ಲಿ ಕೇಳುವಂತೆಯೂ ಇರಲಿಲ್ಲ. ಅವಳಿಗೆ ಗೊತ್ತಾದದ್ದು ಇಷ್ಟೇ: ಅವಳ ಕಾಲುಗಳು ತಾವಾಗಿ ತಿರುಗಿದವು. ಮೈ ಬಸ್ಸುಗಳ ನಡುವಿನಿಂದ ಹೊರಗೆ ಬಂತು. ಹಿಂದೆ ತಗಡಿಗೆ ತಗಡು ಉಜ್ಜಿದ ಸದ್ದಾಯಿತು. ಬದುಕಿದೆ ಎಂದು ನಿಲ್ಲಲು ನೋಡಿದಳು; ಕಾಲು ನಿಲ್ಲಲಿಲ್ಲ. ಎದುರಿಗೆ ಒಬ್ಬ ಮುದುಕ ಬುಟ್ಟಿ ಇಳಿಸಿಕೊಂಡು ಕುಳಿತಿದ್ದ, ಬುಟ್ಟಿಯನ್ನು ತುಳಿದುಕೊಂಡೇ ನಡೆದಳು. ಮುಂದೆ ಮಿರ್ಚಿ ಗಾಡಿ ಇತ್ತು. ಸುತ್ತಿಕೊಂಡು ಹೋಗಬೇಕೆಂದು ಮನಸ್ಸು ಹೇಳುತ್ತಿತ್ತು, ಮೈ ಕೇಳುತ್ತಿರಲಿಲ್ಲ. ಗಾಡಿಗೆ ಎದೆಯೊಡ್ಡಿ ತಳ್ಳಿದಳು. ಎಣ್ಣೆಯ ಬಾಣಲಿ ಹೊರಳಿ ಅವಳ ಎಡಗಾಲಿನ ಮೀನಖಂಡದ ಮೇಲೆ ಸುರಿಯಿತು. ಉರಿ ತಿಳಿಯಲಿಲ್ಲ. ಬಾಗಿಲು ಹಾಕಿದ ಮನೆಯ ಕಿಟಕಿಯಿಂದ ಹೊರಗೆ ನೋಡುವವಳ ಹಾಗೆ ಅವಳು ಎಲ್ಲವನ್ನೂ ಒಳಗಿನಿಂದ ನೋಡುತ್ತಿದ್ದಳು. ಕೂಗಲು ಬಾಯಿ ತೆರೆಯಲಿಲ್ಲ.

ಬಿಳಿಚಿಕೊಂಡ ಮುಖದ ತಸ್ಲೀಮ ಓಡಿ ಬಂದು ಅವಳನ್ನು ತಬ್ಬಿದಳು. ಆ ಕ್ಷಣಕ್ಕೆ ಮೈ ಅವಳದಾಯಿತು, ಉರಿ ಬಂತು. ಚನ್ನಮ್ಮ ನೆಲಕ್ಕೆ ಕುಸಿದು ಚೀರಿದಳು.

ಸರಕಾರಿ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮರಳುವಾಗ ತಸ್ಲೀಮ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಿದ್ದಳು. ಫಕೀರವ್ವ ಚನ್ನಮ್ಮನ ಕಿವಿಯ ಹತ್ತಿರ ಬಾಗಿದಳು.

"ಅಕಿ 'ಚನ್ನಮ್ಮಾ, ಈ ಕಡೆ ಬಾ' ಅಂತ ಒದರಿದಳು. ಅದಾದಕೂಡಲೇ ನೀ ತಿರುಗಿ ಬಂದಿ. ನಿನ್ನ ಮಾರಿ ನೋಡಿ ನನ್ನ ಜೀವ ಹೋದಂಗಾತು. ಕಣ್ಣು ತೆರದಿದ್ದುವು, ನೀ ಮಾತ್ರ ಒಳಗ ಇದ್ದಿಲ್ಲ."

"ಇದ್ದೆ," ಅಂದಳು ಚನ್ನಮ್ಮ. "ನಾ ಒಳಗ ಇದ್ದೆ."



ಮರುದಿನದಿಂದ ತಸ್ಲೀಮ ಕಾಲೇಜಿಗೆ ಬರಲಿಲ್ಲ. ಚನ್ನಮ್ಮ ಹಾಸಿಗೆ ಹಿಡಿದು ಮಲಗಿದ್ದಳು. ಅವ್ವ ಒಳಗಿನಿಂದ "ಚನ್ನೀ" ಎಂದು ಕರೆದರೂ ಮಂಚದ ಕಾಲು ಹಿಡಿದುಕೊಳ್ಳುತ್ತಿದ್ದಳು. ಆಮೇಲೆ, ನನ್ನ ಕೈ ನನ್ನ ಮಾತು ಕೇಳುತ್ತದೆಯೋ ಎಂದು ಬೆರಳು ಮಡಚಿ ಬಿಚ್ಚಿ ನೋಡುತ್ತಿದ್ದಳು. ಗಾಯ ಒಣಗುತ್ತಾ ಬಂದ ಮೇಲೆ ಅವಳೂ ಫಕೀರವ್ವನೂ ನಬಿಸಾಬನ ಮನೆಗೆ ಹೋದರು. ಹೋಗಲು ಹೆದರಿಕೆ, ಹೋಗದೆ ಸುಮ್ಮನಿರಲು ಇನ್ನೂ ಹೆದರಿಕೆ.

ನಬಿಸಾಬ ಇರಲಿಲ್ಲ. ಅವನ ತಾಯಿ ಮೋತಿಬಿ ಹೊಸಿಲ ಮೇಲೆ ಕುಳಿತು ಹತ್ತಿಯಲ್ಲಿನ ಕಸ ಆರಿಸುತ್ತಿದ್ದಳು. ಚನ್ನಮ್ಮನ ಕಾಲಿನ ಪಟ್ಟಿ ನೋಡಿ ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ತಸ್ಲೀಮ ಗಾದಿಗಳ ಒಟ್ಟಿಲಿನ ಹಿಂದೆ ಮೊಣಕಾಲು ತಬ್ಬಿ ಕುಳಿತಿದ್ದಳು.

"ಕುಂಡ್ರಿ," ಅಂದಳು ಮೋತಿಬಿ. "ಹೇಳ್ತೀನಿ. ಕೇಳಿದ ಮ್ಯಾಲ ಇಕಿನ್ನ ಬಿಟ್ಟು ಹೋಗೂದಿದ್ರ ಹೋಗ್ರಿ. ಆದರ ಊರಾಗ ಬಾಯಿ ಬಿಡಬ್ಯಾಡ್ರಿ."

ಶಿಗ್ಲಿಯಲ್ಲಿದ್ದಾಗ ತಸ್ಲೀಮಳ ಕಾಕಾನ ಮಗ ಇನಾಯತ ಅವಳ ಜೊತೆಯ ಆಟಗಾರ. ಒಂದು ದಿನ ಕಣ್ಣುಮುಚ್ಚಾಲೆ ಆಡುತ್ತಿದ್ದರು. ಹುಡುಕಿ ಹುಡುಕಿ ಸಾಕಾಗಿ ತಸ್ಲೀಮ ಅಂಗಳದಲ್ಲಿ ನಿಂತು "ಇನಾಯತಾ, ನಾ ಸೋತೆ, ಬಾರೋ" ಅಂದಳು. ಅವನು ಮಾಳಿಗೆಯ ಮೇಲೆ ಅಡಗಿದ್ದ. ಮೆಟ್ಟಿಲ ಕಡೆ ತಿರುಗಲಿಲ್ಲ. ನೆಟ್ಟಗೆ ಅವಳಿದ್ದ ಕಡೆಗೆ ನಡೆದ. ಮಾಳಿಗೆ ಮುಗಿದ ಮೇಲೂ ನಡೆದ. ಬಿದ್ದ ಮೇಲೆ, ಮುರಿದ ಸೊಂಟ ಎಳೆದುಕೊಂಡು ಅವಳ ಪಾದ ಮುಟ್ಟುವವರೆಗೂ ತೆವಳಿದ.

"ಅಂವ ಬದುಕ್ಯಾನ," ಅಂದಳು ಮೋತಿಬಿ. "ನಡಿಯಾಕ ಬರೂದಿಲ್ಲ."

ತಸ್ಲೀಮ ಮುಖ ಎತ್ತದೆ ಹೇಳಿದಳು. "ಹೆಸರ ತಗೊಂಡು ಬಾ ಅಂದ್ರ ಬರ್ತಾರ. ಕಿವಿಗೆ ಕೇಳಬೇಕಂತನೂ ಇಲ್ಲ. ನಡಕ ಏನೈತಿ ನೋಡೂದಿಲ್ಲ, ನೆಟ್ಟಗ ಬರ್ತಾರ. ನಾ ಮುಟ್ಟಿದ್ರ ಬಿಡ್ತೈತಿ. 'ಬರಬ್ಯಾಡ' ಅಂತ ಒದರಿ ನೋಡೀನಿ, ನಿಲ್ಲಂಗಿಲ್ಲ. ಅವತ್ತು ನೀ ಬಸ್ಸಿನ ನಡಕ ಸಿಕ್ಕಿದ್ದಿ. ನನಗ ಬ್ಯಾರೆ ಏನೂ ತಿಳೀಲಿಲ್ಲ."

ಚನ್ನಮ್ಮ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಆ ಬಾಯಿಂದ ತನ್ನ ಜೀವ ಉಳಿದಿತ್ತು. ಅದೇ ಬಾಯಿ ಮತ್ತೊಮ್ಮೆ ತೆರೆದರೆ ತಾನು ಬೆಂಕಿಯೊಳಗೂ ನಡೆದೇನು. ಕೈ ಹಿಡಿಯಬೇಕೆನಿಸಿತು. ಎದ್ದು ಓಡಬೇಕೆಂದೂ ಅನಿಸಿತು. ಎರಡರಲ್ಲಿ ಯಾವುದನ್ನೂ ಮಾಡದೆ ಕುಳಿತಿದ್ದಳು. ಹೊರಡುವ ಮುಂಚೆ ಇಬ್ಬರೂ ಉಪ್ಪು ಮುಟ್ಟಿ ಆಣೆ ಮಾಡಿದರು.

ಮರಳುವಾಗ ಫಕೀರವ್ವ ತಮ್ಮ ಮನೆಯ ಮುಂದೆ ನಿಂತು, "ಎಷ್ಟು ದೂರದಿಂದ ಬರಬಹುದು?" ಎಂದು ಕೇಳಿದಳು.

ಯಾರ ಬಗ್ಗೆ ಕೇಳುತ್ತಿದ್ದಾಳೆಂದು ಚನ್ನಮ್ಮನಿಗೆ ತಿಳಿಯಿತು. ಫಕೀರವ್ವನ ಅಣ್ಣ ಸಿದ್ದರಾಮ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಎಲ್ಲಿದ್ದಾನೆಂಬ ಖಬರಿಲ್ಲ. ಆಮೇಲೆ ಅಪ್ಪ ತೀರಿಕೊಂಡಾಗಲೂ ಬರಲಿಲ್ಲ. ಆ ದಿನದಿಂದ ತಾಯಿ ಅಮೃತವ್ವ ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತು ಇಲ್ಲ. ಬಸ್ಸಿನ ಸದ್ದಾದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದಳು.

"ಬ್ಯಾಡಲೇ," ಅಂದಳು ಚನ್ನಮ್ಮ. "ಇನಾಯತನ ಮಾತು ಕೇಳಿದಿ ಹೌದಲ್ಲೋ?"

"ಕೇಳೀನಿ," ಎಂದು ಫಕೀರವ್ವ ಒಳಗೆ ಹೋದಳು.

ಮುಂದಿನ ಭಾನುವಾರ ಬೆಳಿಗ್ಗೆ ಫಕೀರವ್ವ ಇಬ್ಬರನ್ನೂ ನಾಷ್ಟಾಕ್ಕೆಂದು ಮನೆಗೆ ಕರೆದಳು. ತಸ್ಲೀಮ ಅನೇಕ ದಿನಗಳ ಮೇಲೆ ಹೊರಗೆ ಬಂದವಳು, ಗೆಳತಿ ಕರೆದಳಲ್ಲ ಎಂದು ಸಂತೋಷದಿಂದಲೇ ಬಂದಳು. ಅವರು ಒಳಗೆ ಕಾಲಿಟ್ಟ ಕೂಡಲೇ ಫಕೀರವ್ವ ಅಗಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಳಗಿನಿಂದ ಅಮೃತವ್ವ ಬಂದು ತಸ್ಲೀಮಳ ಕಾಲು ಹಿಡಿದಳು.

"ಒಮ್ಮೆ ಕರಿ ನನ್ನವ್ವಾ. ಒಂದ ಸಲ."

"ಕಾಲ ಬಿಡ್ರಿ ಅಮ್ಮಾ," ತಸ್ಲೀಮ ಹಿಂದೆ ಸರಿದಳು. "ನಿಮಗ ಗೊತ್ತಿಲ್ಲ. ನಡಕ ಬಾವಿ ಇದ್ರ ಬಾವಿಗೆ ಬೀಳ್ತಾರ. ಹೊಳಿ ಇದ್ರ ಹೊಳಿಗೆ ಇಳೀತಾರ."

"ಹೆಂಗರ ಬರಲಿ. ಬರಲಿ ಅಷ್ಟ."

"ನೀ ಕರೀಲಿಲ್ಲಂದ್ರ," ಅಂದಳು ಬಾಗಿಲಲ್ಲಿದ್ದ ಫಕೀರವ್ವ. "ನಾ ಹೋಗಿ ಊರ ಅಗಸಿ ಕಟ್ಟಿಮ್ಯಾಲ ಕುಂತವರಿಗೆಲ್ಲ ಹೇಳ್ತೀನಿ. ನಿಮ್ಮಪ್ಪ ಇನ್ನೊಂದ ಊರು ಹುಡುಕಬೇಕಾಗ್ತೈತಿ."

ಚನ್ನಮ್ಮ ಬೇಡವೆಂದಳು. ಅದು ಅವಳಿಗೇ ಸರಿಯಾಗಿ ಕೇಳಲಿಲ್ಲ. ಅಮೃತವ್ವನ ಹಣೆ ತಸ್ಲೀಮಳ ಪಾದದ ಮೇಲಿತ್ತು, ಜಡೆ ಬಿಚ್ಚಿ ನೆಲದಲ್ಲಿ ಹರಡಿತ್ತು. ತಸ್ಲೀಮಳಿಗೆ ಸಿದ್ದರಾಮನ ಗುರುತಿತ್ತು. ಮನೆ ಬಿಡುವ ಮೊದಲು ಅವನು ಎಷ್ಟೋ ಸಲ ಚಕ್ಕಡಿಯಲ್ಲಿ ಹತ್ತಿ ತಂದು ಅವರ ಅಂಗಳದಲ್ಲಿ ಇಳಿಸಿದ್ದ. ಅವಳು ಕಣ್ಣು ಮುಚ್ಚಿದಳು.

"ಸಿದ್ದರಾಮಣ್ಣಾ, ಬಾ," ಎಂದಳು.

ಏನೂ ಆಗಲಿಲ್ಲ. ಹಿತ್ತಲಲ್ಲಿ ಕರು ಅರಚಿತು. ಒಲೆಯ ಮೇಲಿನ ನೀರು ಕುದಿಯುತ್ತಿತ್ತು. ಆಮೇಲೆ ತಸ್ಲೀಮ ಎದೆಯ ಗುಂಡಿಯ ಮೇಲೆ ಅಂಗೈ ಒತ್ತಿಕೊಂಡಳು.

"ಎಳ್ಯಾಕತ್ತೈತಿ," ಅಂದಳು. "ಬದುಕ್ಯಾನ. ಹೊಂಟಾನ."

"ಯಾವ ಕಡೆಯಿಂದ?" ಎಂದಳು ಅಮೃತವ್ವ.

ತಸ್ಲೀಮ ಪಶ್ಚಿಮದ ಗೋಡೆ ತೋರಿಸಿದಳು. ಅಮೃತವ್ವ ಎದ್ದು, ಅಳುತ್ತ ನಗುತ್ತ, ಮಗನಿಗೆ ರೊಟ್ಟಿ ತಟ್ಟಲು ಹಿಟ್ಟು ನಾದತೊಡಗಿದಳು. ಚನ್ನಮ್ಮ ಅಗಳಿ ತೆಗೆದು ಹೊರಗೆ ಬಂದಳು. ಊರಿನ ಪಶ್ಚಿಮಕ್ಕೆ, ಮನೆಗಳ ಮಾಳಿಗೆಗಳ ಮೇಲೆ, ಕಪ್ಪತಗುಡ್ಡ ಅಡ್ಡಲಾಗಿ ಮಲಗಿತ್ತು. ಅದರ ಕೊಳ್ಳಗಳು ಅವಳಿಗೆ ಗೊತ್ತಿದ್ದವು. ಹಿಂದೆ ಯಾರೋ ಬಂಗಾರಕ್ಕೆಂದು ತೋಡಿ ಬಿಟ್ಟುಹೋದ ಗುಂಡಿಗಳು ಮುಳ್ಳುಕಂಟಿಯ ಕೆಳಗೆ ಬಾಯಿ ತೆರೆದುಕೊಂಡಿದ್ದವು. ಕಟ್ಟಿಗೆಗೆ ಹೋದವರು ಕೂಡ ಬಗ್ಗಿ ನೋಡಿ ಕಾಲಿಡುವ ಜಾಗ. ಅಲ್ಲಿ ಒಬ್ಬ ಮನುಷ್ಯ ಕೆಳಗೆ ನೋಡದೆ ನೆಟ್ಟಗೆ ನಡೆದು ಬರುತ್ತಾನೆ.

ತಸ್ಲೀಮ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತಳು. ಅವಳೂ ಅದನ್ನೇ ನೋಡುತ್ತಿದ್ದಳು.

"ನೀ ಎಲ್ಲಿ ಇರ್ತೀಯೋ ಅಲ್ಲಿಗಲ್ಲೇನು ಅಂವ ಬರೂದು?" ಎಂದು ಚನ್ನಮ್ಮ ನಿಧಾನಕ್ಕೆ ಕೇಳಿದಳು. "ಹಂಗಿದ್ರ ನೀ ಇಲ್ಲಿ ನಿಂದ್ರಬ್ಯಾಡ. ಗುಡ್ಡ ಸುತ್ತಿ ಅವನ ಕಡೆಗೇ ಹೋಗೂಣು. ಅಂವ ಗುಡ್ಡ ಹತ್ತೂದರಾಗ ಮುಟ್ಟಿಬಿಡು."

ಇಬ್ಬರೂ ತಸ್ಲೀಮಳ ಮನೆಗೆ ಓಡಿದಾಗ ನಬಿಸಾಬ ಅಂಗಳದಲ್ಲಿ ಹತ್ತಿ ಹಿಂಜುತ್ತಿದ್ದ. ಮಗಳು ಹೇಳಿದ್ದನ್ನು ಕೇಳಿ ಹಿಂಜುವ ಬಿಲ್ಲು ಕೆಳಗಿಟ್ಟ. ಬೈಯಲಿಲ್ಲ. ಗಡ್ಡದ ಮೇಲಿನ ಹತ್ತಿಯ ಎಳೆ ಒರೆಸಿಕೊಂಡ. "ಹತ್ರಿ," ಎಂದಷ್ಟೇ ಹೇಳಿ, ಗಾದಿ ಸಾಗಿಸುವ ಟಂಟಂ ಹೊರಗೆ ತೆಗೆದ. ಹೊರಡುವಾಗ ಫಕೀರವ್ವ ಓಡಿ ಬಂದು ಹಿಂದಿನ ತಗಡು ಹಿಡಿದು ಹತ್ತಿದಳು. ಯಾರೂ ಅವಳನ್ನು ಇಳಿಯೆನ್ನಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ.

ಮುಂಡರಗಿ ದಾಟಿ ಶಿರಹಟ್ಟಿಯ ರಸ್ತೆ ಹಿಡಿದರು. ತಸ್ಲೀಮ ಎದೆಯ ಮೇಲಿನ ಕೈ ತೆಗೆಯಲಿಲ್ಲ. ನಬಿಸಾಬ ಆಗಾಗ ಹಿಂದೆ ನೋಡುತ್ತಿದ್ದ, ಅವಳು ಬೆರಳು ತೋರಿಸುತ್ತಿದ್ದಳು. ಒಮ್ಮೆ ಅವಳು ಬಿಕ್ಕಿದಳು. ಏನಾಯಿತೆಂದು ಚನ್ನಮ್ಮ ಕೇಳಿದ್ದಕ್ಕೆ, "ನಿಂತಾನ. ಯಾರೋ ಹಿಡದಾರ. ಅದಕ್ಕ ಜೋರ ಎಳ್ಯಾಕತ್ತೈತಿ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಮತ್ತ ಹೊಂಟ," ಅಂದಳು. ಅವಳ ತುಟಿ ಒಣಗಿ ಬೆಳ್ಳಗಾಗಿತ್ತು.

ರಸ್ತೆಯ ಆಚೀಚೆ ಹೊಲ. ಪ್ರತಿ ಹೊಲದಲ್ಲಿ ಒಂದು ತೆರೆದ ಬಾವಿ. ಇದುವರೆಗೆ ಚನ್ನಮ್ಮ ಅವನ್ನು ನೀರಿನ ಬಾವಿ ಎಂದೇ ನೋಡಿದ್ದಳು.

ಶಿರಹಟ್ಟಿಗೆ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಚಹಾದ ಗುಡಿಸಲ ಮುಂದೆ ಜನ ಗುಂಪು ಕಟ್ಟಿದ್ದರು. ನಬಿಸಾಬ ಗಾಡಿ ನಿಲ್ಲಿಸಿ ಏನಾಯಿತೆಂದು ಕೇಳಿದ.

"ಒಬ್ಬ ಹುಚ್ಚ ಬಂದಿದ್ದ ನೋಡ್ರಿ," ಅಂದ ಒಬ್ಬ ಮುದುಕ. "ಹತ್ತಿ ಹೊಲ ತುಳಕೊಂತ, ಜಾಲಿಕಂಟಿ ಒಳಗಿಂದ ಹಾದು ಬಂದ. ಮೈತುಂಬ ರಕ್ತ. ಏನು ಕೇಳಿದ್ರೂ ಮಾತಿಲ್ಲ. ದೆವ್ವ ಹಿಡದೈತಂತ ಬೇವಿನ ಗಿಡಕ್ಕ ಕಟ್ಟಿದಿವಿ. ಹಗ್ಗ ಹರಕೊಂಡು ಹೋದ. ಅಂಥಾ ಹಗ್ಗ ನಾಲ್ಕ ಮಂದಿ ಜಗ್ಗಿದ್ರೂ ಹರಿಯೂದಿಲ್ಲ."

"ಯಾವ ಕಡೆ ಹೋದ?"

ಮುದುಕ ಕೈ ಚಾಚಿದ. ತಸ್ಲೀಮಳ ಬೆರಳೂ ಅದೇ ಕಡೆಗಿತ್ತು. ಫಕೀರವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಗಾಡಿ ಹೊಲದ ದಾರಿಗೆ ಇಳಿಯಿತು. ಸ್ವಲ್ಪ ಮುಂದೆ ದಾರಿ ಮುಗಿಯಿತು, ಅಲ್ಲಿಂದ ಒಂದು ಹಳೆಯ ಕಲ್ಲಿನ ಖಣಿ. ಗೋಡೆ ಕಡಿದಂತೆ ನೆಟ್ಟಗೆ ಇಳಿದ ಖಣಿ, ತಳದಲ್ಲಿ ಹಸಿರು ನೀರು, ನೀರಿನ ನಡುವೆ ಚೂಪು ಬಂಡೆಗಳು. ನಾಲ್ವರೂ ಅಂಚಿಗೆ ಬಂದು ನಿಂತರು. ಆಚೆ ದಂಡೆಯ ಮೇಲಿನ ಜೋಳದ ಹೊಲ ಅಲುಗಾಡಿತು. ದಂಟುಗಳನ್ನು ಮುರಿಯುತ್ತ ಒಬ್ಬ ಮನುಷ್ಯ ಹೊರಬಂದ. ಅಂಗಿಯ ಒಂದು ತೋಳಿರಲಿಲ್ಲ. ಸೊಂಟದಿಂದ ಹರಿದ ಹಗ್ಗದ ತುಂಡು ನೇತಾಡುತ್ತಿತ್ತು. ಮುಖ ತಸ್ಲೀಮಳ ಕಡೆಗೇ ಇತ್ತು, ಅವರಿಬ್ಬರ ನಡುವೆ ಖಣಿ ಇತ್ತು.

"ಅಣ್ಣಾ, ನಿಂದ್ರು," ಎಂದು ಫಕೀರವ್ವ ಚೀರಿದಳು. ಅವನ ಹೆಜ್ಜೆ ನಿಧಾನವಾಗಲಿಲ್ಲ.

ತಸ್ಲೀಮ ಕಲ್ಲಿನಂತೆ ನಿಂತುಬಿಟ್ಟಿದ್ದಳು. ಅವಳ ಕಣ್ಣಿನಲ್ಲಿ ಈ ಖಣಿ ಇರಲಿಲ್ಲ, ಶಿಗ್ಲಿಯ ಮಾಳಿಗೆ ಇತ್ತು ಎಂದು ಚನ್ನಮ್ಮನಿಗೆ ತೋರಿತು. ಅವಳ ರಟ್ಟೆ ಹಿಡಿದು ಎಳೆದಳು.

"ಓಡು. ದಂಡಿ ಹಿಡಿದು ಆ ಕಡೆ ಓಡು. ನೀ ತಿರುಗಿದಂಗ ಅಂವನೂ ತಿರಗ್ತಾನ. ಓಡಲೇ."

ತಸ್ಲೀಮ ಓಡಿದಳು. ಚನ್ನಮ್ಮ ಅವಳ ಹಿಂದೆ ಓಡಲು ನೋಡಿದಳು. ಸುಟ್ಟ ಕಾಲಿನ ಹೊಸ ಚರ್ಮ ಬಿರಿದು ಅಲ್ಲೇ ಕುಸಿದಳು. ಕುಳಿತಲ್ಲಿಂದಲೇ ಎರಡೂ ಕಡೆ ನೋಡಿದಳು. ಖಣಿಯ ತುದಿ ದೂರವಿತ್ತು. ತಸ್ಲೀಮ ಅದರತ್ತ ಓಡುತ್ತಿದ್ದಂತೆ ಸಿದ್ದರಾಮನ ಮುಖ ಸ್ವಲ್ಪ ಸ್ವಲ್ಪವೇ ಆ ಕಡೆಗೆ ಹೊರಳುತ್ತಿತ್ತು, ಆದರೂ ಅವನ ದಾರಿ ಇನ್ನೂ ಖಣಿಯ ಒಳಗೇ ಬೀಳುತ್ತಿತ್ತು. ಅವನು ಅಂಚಿಗೆ ಬಂದ. ಒಂದು ಕಲ್ಲು ಅವನ ಕಾಲಡಿಯಿಂದ ಜಾರಿ, ಕೆಳಗೆ ಬಂಡೆಗೆ ಬಡಿದು, ನೀರಿಗೆ ಬಿದ್ದ ಸದ್ದು ಮೇಲೆ ಬರಲು ಹೊತ್ತು ಹಿಡಿಯಿತು. ತಸ್ಲೀಮ ಮುಗ್ಗರಿಸಿದಳು, ಎದ್ದಳು, ತುದಿ ಸುತ್ತಿದಳು. ಸಿದ್ದರಾಮನ ಒಂದು ಕಾಲು ಗಾಳಿಯ ಮೇಲಿತ್ತು. ಆ ಕಾಲು ಪಕ್ಕಕ್ಕೆ ಹೊರಳಿ ಅಂಚಿನ ಮೇಲೇ ಊರಿತು. ಅವನು ಖಣಿಯ ತುಟಿಯ ಮೇಲೆ, ಪಾದದ ಅರ್ಧ ಹೊರಗೆ ಚಾಚಿಕೊಂಡು, ಅವಳ ಕಡೆಗೆ ನಡೆದ. ತಸ್ಲೀಮ ಎದುರಿಗೆ ಓಡಿ ಅವನ ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡು ಬಿದ್ದಳು.

ಅವನ ಕೂಗು ಆಮೇಲೆ ಕೇಳಿತು. ಅಷ್ಟು ಹೊತ್ತು ಒಳಗೆ ಸಿಕ್ಕಿಕೊಂಡದ್ದೆಲ್ಲ ಒಮ್ಮೆಗೇ ಹೊರಬಂದಂಥ ಕೂಗು. ಚನ್ನಮ್ಮ ಕಿವಿ ಮುಚ್ಚಿಕೊಂಡಳು.

ನಬಿಸಾಬ ಅವನನ್ನು ನೆರಳಿಗೆ ತಂದು ಮಲಗಿಸಿ ಬಾಯಿಗೆ ನೀರು ಹನಿಸಿದ. ಅವನ ಪಾದದ ಚರ್ಮ ಎದ್ದುಹೋಗಿ, ಮುಳ್ಳುಗಳು ಮುರಿದು ಒಳಗೇ ಉಳಿದಿದ್ದವು.

"ನಾ ಲಕ್ಷ್ಮೇಶ್ವರದಾಗ ಹೊಟೇಲಿನ್ಯಾಗ ಇರ್ತೀನಿ," ಎಂದು ಅವನು ನೀರು ನುಂಗಿ ಹೇಳಿದ. "ಚಾ ಸೋಸಾಕತ್ತಿದ್ದೆ. ಕಾಲು ಹೊಂಟುವು. ಮಾಲಕ ಒದರಿದ, ನನಗ ತಿರುಗಾಕ ಬರಲಿಲ್ಲ. ಜಾಲಿಯೊಳಗ ಹೋಗೂವಾಗ ಎಲ್ಲಾ ಕಾಣ್ತಿತ್ತು ಕಾಕಾ. ಗಿಡಕ್ಕ ಕಟ್ಟಿದ್ರಲ್ಲ, ಆವಾಗ ಬಿಡಬ್ಯಾಡ್ರಿ, ಗಟ್ಟಿ ಕಟ್ಟರಿ ಅನ್ನಾಕತ್ತಿದ್ದೆ ಒಳಗ. ಬಾಯಿ ತೆರೀಲಿಲ್ಲ."

ಫಕೀರವ್ವ ಅಣ್ಣನ ತಲೆಯ ಬಳಿ ಕುಳಿತಿದ್ದವಳು ಎದ್ದು ದೂರ ಹೋಗಿ, ನೆಲಕ್ಕೆ ಮುಖವಿಟ್ಟು ಅತ್ತಳು. ಚನ್ನಮ್ಮನಿಗೆ ಅವಳ ಮೇಲಿದ್ದ ಸಿಟ್ಟು ಅಲ್ಲಿಗೇ ಮುಗಿಯಿತು. ಒಳಗಿದ್ದೆ ಎಂದು ತಾನು ಬಸ್ಸಿನಲ್ಲಿ ಹೇಳಿದಾಗ ಅವಳಿಗೆ ಅರ್ಥವಾಗದ್ದು ಈಗ ಅರ್ಥವಾಗಿತ್ತು.

ಹೆಸರು ಹಿಡಿದು ಕರೆದದ್ದಕ್ಕೆ ಹೀಗಾಯಿತೆಂದು ನಬಿಸಾಬ ಹೇಳಿದ ಮೇಲೆ ಸಿದ್ದರಾಮ ತಸ್ಲೀಮಳನ್ನು ನೋಡಿದ. "ನೀನೇನು ಕರೆದಾಕಿ?"

ಅವಳು ಹೌದೆಂದು ತಲೆಯಾಡಿಸಿದಳು. ಅವನು ಮೊಣಕೈ ಊರಿ ಹಿಂದಕ್ಕೆ ಸರಿದ, ಖಣಿ ಇರುವ ಕಡೆಗೇ. ನಬಿಸಾಬ ಅವನ ಭುಜ ಹಿಡಿಯಬೇಕಾಯಿತು.

ಮನೆಗೆ ಬಂದ ಮಗನನ್ನು ನೋಡಿ ಅಮೃತವ್ವ ತಟ್ಟಿಟ್ಟ ರೊಟ್ಟಿಯನ್ನೆಲ್ಲ ಮರೆತಳು. ಅಪ್ಪ ಇಲ್ಲವೆಂದು ಅವನಿಗೆ ಆಗಲೇ ತಿಳಿದದ್ದು. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತ. ಆದರೆ ಅವಳು "ಸಿದ್ದರಾಮಾ, ಏಳಪ್ಪ, ಉಣ್ಣು ಬಾ" ಎಂದ ಕೂಡಲೇ ಎರಡೂ ಕೈಯಿಂದ ಕಂಬ ಹಿಡಿದುಕೊಂಡ. ಕಣ್ಣುಗುಡ್ಡೆ ಹೊರಬಂದಂತೆ ತಾಯಿಯನ್ನು ನೋಡಿದ. ಅಮೃತವ್ವ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತಾಟನ್ನು ಅವನಿದ್ದಲ್ಲಿಗೇ ಒಯ್ದು ಇಡುತ್ತಿದ್ದಳು. ಪಾದ ಮಾಯುವವರೆಗೆ ಅವನು ಮನೆಯಲ್ಲಿದ್ದ. ಮಾದ ಮೇಲೆ ಲಕ್ಷ್ಮೇಶ್ವರಕ್ಕೆ ಹೊರಟುನಿಂತ. ಅಮೃತವ್ವ ಇರು ಎನ್ನಲಿಲ್ಲ. ಹೊಟೇಲಿಗೆ ರಜೆ ಇದ್ದ ದಿನ ಬಸ್ಸಿನಲ್ಲಿ ಬಂದು ಉಂಡು ಹೋಗತೊಡಗಿದ.

ಮಾತು ಹೇಗೋ ಹೊರಬಿತ್ತು. ಫಕೀರವ್ವ ಹೇಳಲಿಲ್ಲವೆಂದು ಆಣೆ ಮಾಡಿದಳು. ಅಮೃತವ್ವ ಸಂತೋಷದಲ್ಲಿ ಯಾರ ಹತ್ತಿರವೋ ಆಡಿರಬೇಕು. ತಸ್ಲೀಮ ಓಣಿಯಲ್ಲಿ ನಡೆದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಮಕ್ಕಳ ಹೆಸರು ಅವಳ ಕಿವಿಗೆ ಬೀಳಬಾರದೆಂದು ಪುಟ್ಟ ಮಕ್ಕಳನ್ನು ಕೂಡ ಸನ್ನೆಯಿಂದಲೇ ಕರೆಯುತ್ತಿದ್ದರು. ಗಾದಿ ಹೊಲಿಸುವವರು ಬರುವುದು ನಿಂತಿತು. ನಬಿಸಾಬ ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಬಾಡಿಗೆ ಮನೆ ನೋಡಿ ಬಂದ.

ಅವರು ಹೊರಡುವ ದಿನ ಚನ್ನಮ್ಮನ ಅವ್ವ ಅವಳನ್ನು ಹೊಸಿಲಲ್ಲಿ ತಡೆದಳು. "ಅಕಿ ಕಡೆ ಹೋಗಬ್ಯಾಡ. ನನಗ ಅಂಜಿಕಿ ಬರ್ತೈತಿ."

"ನನಗೂ ಬರ್ತೈತಿ ಬೇ," ಎಂದು ಚನ್ನಮ್ಮ ಅವಳ ಕೈ ಸರಿಸಿ ಹೋದಳು.

ಟಂಟಂನಲ್ಲಿ ಗಾದಿಯ ಸುರುಳಿ, ಬಿಲ್ಲು, ಪಾತ್ರೆಯ ಚೀಲ ತುಂಬಿದ್ದವು. ಮೋತಿಬಿ ಮುಂದೆ ಕುಳಿತಾಗಿತ್ತು. ಫಕೀರವ್ವ ಗೋಡೆಯ ಮರೆಯಲ್ಲಿ ನಿಂತಿದ್ದಳು, ಮುಂದೆ ಬರಲಿಲ್ಲ. ಚನ್ನಮ್ಮ ಉಳಿದ ಗಂಟುಗಳನ್ನು ಎತ್ತಿಕೊಟ್ಟಳು. ತಸ್ಲೀಮ ಅವಳನ್ನು ಗಾಡಿಯ ಹಿಂದಕ್ಕೆ ಕರೆದೊಯ್ದಳು.

"ಎಚ್ಚರದಾಗ ನಾ ಬಾಯಿ ಕಟ್ಟತೀನಿ," ಎಂದು ಮೆಲ್ಲಗೆ ಹೇಳಿದಳು. "ಅಲ್ಲಿ ನನಗ ಯಾರೂ ಇಲ್ಲ. ನಿನ್ನ ನೆನಪು ಬರ್ತೈತಿ. ಕನಸಿನ್ಯಾಗ ಕರೆದ್ರ ಏನು ಮಾಡ್ಲಿ? ಹೋದ ವಾರದಿಂದ ಬಾಯಿಗೆ ಅರಿವಿ ಕಟಗೊಂಡು ಮಲಗಾಕತ್ತೀನಿ."

ಮಲಗಿದ ಜಾಗದಿಂದ ಎದ್ದು, ಕತ್ತಲಲ್ಲಿ, ಡೋಣಿಯಿಂದ ಬೆಟಗೇರಿಯವರೆಗೆ ನೆಟ್ಟಗೆ ನಡೆಯುವ ತನ್ನನ್ನು ಚನ್ನಮ್ಮ ಕಂಡಳು. ಸುಳ್ಳು ಹೇಳಿ ಸಮಾಧಾನ ಮಾಡಬೇಕೆಂದು ಬಾಯಿ ತೆರೆದಳು, ಸುಳ್ಳು ಹೊರಡಲಿಲ್ಲ.

"ಎಳಿಯೂದು ನಿನಗ ತಿಳೀತೈತಿ ಹೌದಲ್ಲೋ?" ಎಂದು ಕೇಳಿದಳು. "ತಿಳದಕೂಡಲೇ ಅಪ್ಪನ್ನ ಎಬ್ಬಿಸಿಕೊಂಡು ಗಾಡಿ ಹತ್ತು. ನಾ ಈ ಕಡೆಯಿಂದ ಬರಾಕತ್ತಿರ್ತೀನಿ, ನೀ ಆ ಕಡೆಯಿಂದ ಬಾ. ಹೆಚ್ಚು ದೂರ ಆಗೂದಿಲ್ಲ."

ತಸ್ಲೀಮ ತಲೆಯಾಡಿಸಿದಳು. ಅಳು ತಡೆಯಲು ಕೆಳದುಟಿ ಕಚ್ಚಿಕೊಂಡಿದ್ದಳು. ನಬಿಸಾಬ ಗಾಡಿ ಚಾಲೂ ಮಾಡಿದ.

ಆ ತಿಂಗಳು ಚನ್ನಮ್ಮ ಪಾದವನ್ನು ಅವ್ವನ ಪಾದಕ್ಕೆ ಓಢಣಿಯಿಂದ ಕಟ್ಟಿಕೊಂಡು ಮಲಗಿದಳು. ಅವ್ವ ಯಾಕೆಂದು ಕೇಳಲಿಲ್ಲ, ಗಂಟನ್ನು ತಾನೇ ಬಿಗಿಯುತ್ತಿದ್ದಳು. ಕರೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಚನ್ನಮ್ಮ ಯಾರಿಗೂ ಹೇಳದೆ ಗದಗಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಳು. ದಾರಿಯುದ್ದಕ್ಕೂ ಹೊಲದ ಬಾವಿಗಳು ಹಿಂದೆ ಸರಿದವು. ಗದಗಿನಲ್ಲಿ ಇಳಿದು ಬೆಟಗೇರಿಯ ಓಣಿಗಳಲ್ಲಿ ಕೇಳುತ್ತ ಕೇಳುತ್ತ ನಡೆದು ನಬಿಸಾಬನ ಹೊಸ ಮನೆ ಹುಡುಕಿದಳು. ತಸ್ಲೀಮ ಬಾಗಿಲಲ್ಲಿ ಹತ್ತಿ ಒಣಗಿಸುತ್ತಿದ್ದಳು. ಎದುರಿಗೆ ನಿಂತವಳನ್ನು ನೋಡಿ ಅವಳ ಮುಖದ ರಕ್ತ ಇಳಿಯಿತು. ಓಡಿ ಬಂದು ಮೊದಲು ಚನ್ನಮ್ಮನ ಪಾದ ನೋಡಿದಳು, ಆಮೇಲೆ ಕಣ್ಣು ನೋಡಿದಳು, ಗಾಬರಿಯಿಂದ ಅವಳ ಕೈ ಗಟ್ಟಿಯಾಗಿ ಹಿಡಿದಳು.

"ನಾ ಕರದ್ನೇನು? ರಾತ್ರಿ ಕರದ್ನೇನು ನಾ?"

"ಇಲ್ಲಲೇ," ಅಂದಳು ಚನ್ನಮ್ಮ, ಚಪ್ಪಲಿ ಬಿಟ್ಟು ಒಳಗೆ ಬರುತ್ತ. "ಬಸ್ಸಿಗೆ ಬಂದೀನಿ. ನೀರು ಕೊಡು."